ಖಾಲಿ ಬಿಟ್ಟ ಖಾನೆ

ನಮ್ಮ ಸಂಘದ ಪುಸ್ತಕದಾಗ ಅಡ್ಡ ಕೂಡಿಸಿದ್ರೂ ಉದ್ದ ಕೂಡಿಸಿದ್ರೂ ಬೇರೀಜು ಒಂದ ಬರಬೇಕು. ಬಂತಂದ್ರ ಲೆಕ್ಕ ಸರಿ ಅಂತ ಪುಸ್ತಕ ಮುಚ್ಚತೀವಿ. ಹಂಗ ಬಂದ್ರೂ ಲೆಕ್ಕದಾಗ ಮಂದಿ ಬಿಟ್ಟು ಹೋಗಿರ್ತಾರ ನೋಡ್ರಿ ಅಕ್ಕಾರ. ಅದನ್ನ ಮಗಳ ಕಂಪ್ಯೂಟರ್‌ದಾಗ ಕಂಡೆ.

ಅಕಿ ಇಲ್ಲೇ ತೊರವಿ ಹತ್ರ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಾಗ ಎಂ.ಎ. ಓದ್ತಾಳ. ತಿಕೋಟಾ, ಬಬಲೇಶ್ವರ ಕಡೆ ದ್ರಾಕ್ಷಿ ತ್ವಾಟ, ಮಣೂಕದ ಶೆಡ್ಡಿನಾಗ ದುಡಿಯೋ ಹೆಣ್ಮಕ್ಕಳನ್ನ ಕೇಳಿ 60 ಫಾರ್ಮ್ ತುಂಬಿಸಿದ್ಲು. ನಾನೂ ಜೋಡಿ ಹೋಗಿದ್ದೆ. ಮಾತಾಡ್ಸೂದು ನಾನು, ಬರಿಯೂದು ಅಕಿ. ಆಮ್ಯಾಲೆ ಅದನ್ನೆಲ್ಲಾ ಸ್ಯಾಸ್ ಅನ್ನೋ ಪ್ರೋಗ್ರಾಮಿಗೆ ಹಾಕಿ ಕೋಷ್ಟಕ ತಗದ್ಲು. ಕಲಿಯೋರಿಗೆ ಪುಕಟ ಸಿಗತೈತಂತ.

ಮೊದಲ ಸಲ ಬಬಲೇಶ್ವರಕ್ಕ ಮೂರು ಸಾಲು ಬಂದಿದ್ವು. ಇಂಗ್ಲಿಷಿನಾಗ ಮೂರು ನಮೂನಿ ಬರದಿದ್ಲು, ಅಷ್ಟ. 2011ರ ಜನಗಣತಿ ಜೋಡಿ ಹೋಲಿಸೂಣು ಅಂದ್ರ ಆಗ ಈ ಎರಡೂ ತಾಲೂಕೇ ಆಗಿರ್ಲಿಲ್ಲ, ಬಿಜಾಪುರ ತಾಲೂಕಿನೊಳಗ ಕೂಡ್ಯಾವ. ಅದನ್ನ ಬಿಟ್ಲು.

ಊರು, ವಯಸ್ಸಿನ ಕೋಷ್ಟಕ ನೋಡಿದ್ರ ಎರಡೂ ಕಡೆ ಬೇರೀಜು 51. "ಸರಿ ಐತಿ ಬಿಡವ್ವಾ" ಅಂದ್ಲು. ಹಾಳಿ 60 ಅದಾವಲ್ಲ ಅಂದೆ. ಪಡಸಾಲ್ಯಾಗ ಊರಿಗೊಂದು, ವಯಸ್ಸಿಗೊಂದು ಗುಂಪಿ ಮಾಡಿ ಎಣಿಸಿದ್ವಿ. ಒಂಬತ್ತು ಮಂದಿ ಕೋಷ್ಟಕದಾಗ ಇಲ್ಲ! ಆ ಒಂಬತ್ತೂ ಹಾಳಿಯೊಳಗ "ನಿಮ್ಮ ಹೆಸರಿಲೆ ಹೊಲ ಐತೇನು" ಅನ್ನೋ ಖಾನೆ ಖಾಲಿ.

ಈ ಕೋಷ್ಟಕದಾಗ ಹೊಲದ ಮಾತೇ ಇಲ್ಲ, ಮತ್ಯಾಕ? ಮಗಳು ಹುಡುಕಿ ಹೇಳಿದ್ಲು. ಟ್ಯಾಬ್ಯುಲೇಟ್ ಮಾಡೋವಾಗ ಕ್ಲಾಸ್ ಅನ್ನೋ ಸಾಲಿನಾಗ ಊರು, ವಯಸ್ಸು, ಹೊಲ ಮೂರೂ ಬರದಿದ್ಲು. ಅದರಾಗ ಒಂದು ಖಾಲಿ ಇದ್ರೂ ಆ ಹೆಣ್ಮಗಳನ್ನ ಎಲ್ಲಾ ಕೋಷ್ಟಕದಿಂದನೂ ತಗದ ಹಾಕೂದು ಅದರ ರಿವಾಜು. ಕೆಂಪು ಅಕ್ಷರದಾಗ ತಪ್ಪು ಅಂತನೂ ತೋರ್ಸೂದಿಲ್ಲ. ಆಹೇರಿ ಬರಸಲಿಲ್ಲಂತ ಮದುವಿಗೆ ಬಂದಾಕಿನ್ನ ಊಟದ ಲೆಕ್ಕದಾಗೂ ಬಿಟ್ಟಂಗ.

ಆ ಒಂಬತ್ತರಾಗ ಏಳು ಮಂದಿಗೆ ಗಂಡ ಇಲ್ಲ. ಉತಾರ ಇನ್ನೂ ಮಾವನ ಹೆಸರಿಲೇ ಐತಿ, ಇಲ್ಲಾ ಮೈದುನಂದು. ಮೈದುನ ಅಲ್ಲೇ ಬಾಗಿಲದಾಗ ನಿಂತಾಗ ಅವರು ಏನ್ ಹೇಳ್ಯಾರು? ಬಬಲೇಶ್ವರದಾಗ ಒಬ್ಬಾಕಿ ನನ್ನ ಕೈ ಹಿಡಿದು "ಅದನ್ನ ಬರಿಬ್ಯಾಡ್ರಿ ಯವ್ವಾ" ಅಂದಿದ್ಲು.

ಹೊಲ ಐತಿ ಅಂದಾವ್ರು 17 ಮಂದಿ. 51ರಾಗ 17 ಅಂತ "ಮೂವರೊಳಗ ಒಬ್ಬಾಕಿ ಹೆಸರಿಲೆ ಹೊಲ ಐತಿ" ಅಂತ ಮಗಳು ಬರದೂ ಬಿಟ್ಟಿದ್ಲು. 60ಕ್ಕ ಲೆಕ್ಕ ಹಾಕಿದ್ರ ನೂರಕ್ಕ 28. ಓದಿದಾವ್ರು ಹೆಣ್ಮಕ್ಕಳ ಪಾಡು ಚಲೋನೇ ಐತಿ ಅಂತ ತಿಳ್ಕೋತಿದ್ರು.

ಕ್ಲಾಸ್ ಸಾಲಿನ ಕಡೀಗೆ ಗೆರಿ ಎಳದು ಮಿಸ್ಸಿಂಗ್ ಅಂತ ಒಂದು ಶಬ್ದ ಹಾಕಿದ್ಲು, 60 ಬಂತು. ಹೊಲದ ಕೋಷ್ಟಕದಾಗ ಹೆಸರಿಲ್ಲದ್ದೊಂದು ಸಾಲೂ ಬಂತು. ಅದಕ್ಕ "ಗೊತ್ತಿಲ್ಲ" ಅಂತ ಹೆಸರಿಡಾಕ ಹೊಂಟಿದ್ಲು. ಬ್ಯಾಡ, ಅವರಿಗೆ ಎಲ್ಲಾ ಗೊತ್ತೈತಿ ಅಂದೆ. ಈಗ ಆ ಸಾಲಿನಾಗ "ಹೇಳಲಿಲ್ಲ, 9" ಅಂತ ಐತಿ.