ಅಂಟದ ನೀರು, ಅಂಟಬೇಕಾದ ಔಷಧಿ

ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತವರಿಗೆ ಕೆರೆಗಳನ್ನು ಎಣಿಸುವುದೇ ಒಂದು ಕೆಲಸ. ಶಿಕಾರಿಪುರದಲ್ಲಿ ಹುಚ್ಚರಾಯನ ಕೆರೆ. ಶಿರಾಳಕೊಪ್ಪದ ಆಸುಪಾಸಿನ ತಾಳಗುಂದಕ್ಕೆ ಹೊರಳಿದರೆ, ಪ್ರಣವೇಶ್ವರ ಗುಡಿಯ ಎದುರಿನ ಶಾಸನಸ್ತಂಭ ಕದಂಬರ ಕಾಕುಸ್ಥವರ್ಮ ಅಲ್ಲಿ ಕೆರೆ ಕಟ್ಟಿಸಿದ ಸಂಗತಿಯನ್ನು ಹೇಳುತ್ತದೆ. ಈ ಸೀಮೆಯ ಜನ ಸುಮಾರು 1,500 ವರ್ಷಗಳಿಂದ ನೀರು ಹಿಡಿದಿಡುವುದನ್ನೇ ಕಲಿತವರು. ನೀರನ್ನು ಮೈಗೆ ಸೋಕಿಸದೆ ಕಳಿಸುವ ವಿದ್ಯೆ ಮಾತ್ರ ಕೆರೆಯೊಳಗಿನ ಗಿಡದ್ದು.

ಮಳೆ ನಿಂತ ಮೇಲೆ ತಾವರೆಯಿರುವ ಕೆರೆಯ ದಂಡೆಯಲ್ಲಿ ಐದು ನಿಮಿಷ ನಿಂತರೆ ಸಾಕು. ಎಲೆಯ ನಡುವೆ ಪಾದರಸದ ಉಂಡೆಯಂತೆ ಹನಿಗಳು. ಗಾಳಿ ಬೀಸಿದರೆ ಉರುಳಿ ಒಂದಾಗುತ್ತವೆ, ಎಲೆ ವಾಲಿದರೆ ಜಾರಿ ಕೆರೆಗೆ ಸೇರುತ್ತವೆ. ಎಲೆ ಒಣಗಿದಂತೆಯೇ ಇರುತ್ತದೆ. ಪಕ್ಕದ ನೈದಿಲೆಯ ಎಲೆಯ ಮೇಲೆ ಹನಿ ಹೀಗೆ ಉರುಳುವುದಿಲ್ಲ, ಚಪ್ಪಟೆಯಾಗಿ ಅಂಟಿ ಕೂರುತ್ತದೆ. ಕೆರೆ ದೂರವೆನ್ನುವವರು ಹಿತ್ತಲಿನ ಕೆಸುವಿನ ಎಲೆಗೆ ಒಂದು ಚೆಂಬು ನೀರು ಹಾಕಿ ನೋಡಬಹುದು. ಪತ್ರೊಡೆ ಮಾಡುವ ತಾಯಂದಿರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಕಾರಣವೇನು? ಎಲೆಯ ಮೇಲಿನ ಮೇಣ ಎಂದು ಬಹುಕಾಲ ಹೇಳುತ್ತಿದ್ದರು. ಅದು ಅರ್ಧ ಉತ್ತರ. ನುಣುಪಾದ ಮೇಣದ ಮೇಲೂ ಹನಿ ಇಷ್ಟು ದುಂಡಗಾಗುವುದಿಲ್ಲ. ಜರ್ಮನಿಯ ಸಸ್ಯವಿಜ್ಞಾನಿ ವಿಲ್‌ಹೆಲ್ಮ್ ಬಾರ್ಟ್‌ಲಾಟ್ ಮತ್ತು ನೈನ್‌ಹುಯಿಸ್ 1997ರಲ್ಲಿ ಪ್ರಕಟಿಸಿದ ಪ್ರಬಂಧ ಇನ್ನರ್ಧವನ್ನು ವಿವರಿಸಿತು. ಕೈಗೆ ನಯವೆನಿಸುವ ತಾವರೆ ಎಲೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಗುಡ್ಡಗಳ ಸಾಲು! ಒಂದೊಂದು ಗುಡ್ಡದ ಅಗಲ ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು; ಅದರ ಮೈತುಂಬ ಇನ್ನೂ ಸಣ್ಣ ಮೇಣದ ಕೊಳವೆಗಳು. ಹನಿ ಕೂರುವುದು ಈ ಗುಡ್ಡಗಳ ನೆತ್ತಿಯ ಮೇಲೆ; ಕೆಳಗೆ ಉಳಿದದ್ದೆಲ್ಲ ಗಾಳಿ. ಹಿಡಿದುಕೊಳ್ಳಲು ನೆಲೆ ಸಿಗದ ನೀರು ಮೇಲ್ಮೈ ಎಳೆತಕ್ಕೆ ಸಿಕ್ಕಿ ಉಂಡೆಯಾಗುತ್ತದೆ. ದೂಳಿನ ಕಣಕ್ಕೂ ಅಲ್ಲಿ ಭದ್ರ ನೆಲೆಯಿಲ್ಲ, ಉರುಳುವ ಹನಿ ಅದನ್ನು ಹೊತ್ತೊಯ್ಯುತ್ತದೆ. ತಾವರೆ ಉಸಿರಾಡುವ ರಂಧ್ರಗಳು ಎಲೆಯ ಮೇಲ್ಭಾಗದಲ್ಲಿವೆ ಎಂಬುದನ್ನು ನೆನೆದರೆ ಈ ಶುಚಿತ್ವದ ಬೆಲೆ ತಿಳಿದೀತು.

ತಾವರೆ ಎಲೆಗೆ ನೀರು ಅಂಟುವುದೇ ಇಲ್ಲ ಎಂಬ ಮಾತು ಮಾತ್ರ ಪೂರ್ತಿ ನಿಜವಲ್ಲ. ಮೇಲಿನಿಂದ ಬಿದ್ದ ಹನಿ ಜಾರುತ್ತದೆ. ಆವಿ ತಣಿದು ಗುಡ್ಡಗಳ ಸಂದಿಯಲ್ಲೇ ಹುಟ್ಟಿದ ಹನಿ ಅಂಟಿಕೊಳ್ಳಬಲ್ಲದು. ಸೋಪಿನ ನೀರೂ ಅಷ್ಟೆ, ಎಲೆಯನ್ನು ತೋಯಿಸಿಬಿಡುತ್ತದೆ. ಮನೆಯಲ್ಲಿ ಪರೀಕ್ಷಿಸಬೇಕೆಂದರೆ, ಹಿರಿಯರನ್ನು ಪಕ್ಕದಲ್ಲಿಟ್ಟುಕೊಂಡು ಸ್ಟೀಲ್ ಚಮಚದ ಬೆನ್ನಿಗೆ ಮೇಣದಬತ್ತಿಯ ಮಸಿ ದಪ್ಪಗೆ ಹಿಡಿಸಿ, ತಣಿದ ಮೇಲೆ ಒಂದು ಹನಿ ನೀರು ಬಿಡಿ. ಆಮೇಲೆ ಸೋಪಿನ ನೀರು ಬಿಡಿ.

ಸೊರಬದ ಕಡೆ ಅಡಿಕೆ ತೋಟಗಳಲ್ಲಿ ಈ ವಿಷಯ ಆಟವಾಗಿ ಉಳಿಯುವುದಿಲ್ಲ. ಕೊಳೆ ರೋಗ ತರುವ ಫೈಟಾಫ್ತೊರಾದ ಬೀಜಾಣುಗಳು ಈಜುವುದು ಕಾಯಿಯ ಮೇಲೆ ನಿಂತ ತೆಳು ನೀರಿನಲ್ಲಿ. ಹಿಂದಿನವರು ಗೊನೆಗೆ ಕೊಟ್ಟೆ ಕಟ್ಟಿ ಮಳೆಯನ್ನೇ ದೂರವಿಟ್ಟರು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್‌ಮನ್ 1910ರ ಹೊತ್ತಿಗೆ ಬೋರ್ಡೋ ದ್ರಾವಣದ ದಾರಿ ತೋರಿಸಿದರು: 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಆದರೆ ನುಣುಪು ಕಾಯಿಯ ಮೇಲೆ ಬರಿಯ ದ್ರಾವಣ ಜಾರಿದರೆ ಕೂಲಿಯೂ ಹೋಯಿತು, ಫಸಲೂ ಹೋಯಿತು. ಆದ್ದರಿಂದಲೇ ಅದಕ್ಕೆ ರಾಳದ ಅಂಟು ಬೆರೆಸುವ ರೂಢಿ. ಮರವೇರಿದ ಕೊನೆಗೌಡ ನಳಿಗೆ ಹಿಡಿದು ಗೊನೆ ತೋಯಿಸುವಾಗ, ಕೆಳಗೆ ನಿಂತ ತೋಟದ ಯಜಮಾನ ಆಕಾಶ ನೋಡುತ್ತಿರುತ್ತಾನೆ. ಔಷಧಿ ಆರುವ ತನಕವಾದರೂ ಮಳೆ ಬಿಡುವು ಕೊಡಬೇಕು.