ಅವ್ವನೊಡನೆ ಬಿಡದಿಗೆ: ಮೂರು ದಿನಗಳ ಒಂದು ಕುಟುಂಬ ಪ್ರವಾಸ

ರಜೆಯ ದಿನಗಳು ಸಮೀಪಿಸಿದಂತೆ ಪ್ರತಿಯೊಂದು ಮನೆಯಲ್ಲಿಯೂ ಒಂದೇ ಪ್ರಶ್ನೆ ಏಳುತ್ತದೆ: ಈ ಸಲ ಎಲ್ಲಿಗೆ? ಹಿರಿಯರು ಕ್ಷೇತ್ರದರ್ಶನವೆನ್ನುತ್ತಾರೆ. ಮಕ್ಕಳು ಆಟದ ತಾಣವೆನ್ನುತ್ತಾರೆ. ಇವರಿಬ್ಬರ ನಡುವೆ ನಿಂತ ಗೃಹಸ್ಥನು ಮೌನವಾಗಿ ತನ್ನ ಜೇಬನ್ನು ಮುಟ್ಟಿ ನೋಡಿಕೊಳ್ಳುತ್ತಾನೆ. ಕೊನೆಗೆ ಆಗುವುದೇನೆಂದರೆ, ಮಕ್ಕಳನ್ನು ಕರೆದುಕೊಂಡು ನಡುವಯಸ್ಸಿನವರು ಹೊರಡುತ್ತಾರೆ, ವೃದ್ಧರು ಮನೆ ಕಾಯಲು ಉಳಿಯುತ್ತಾರೆ. ಕಳೆದ ವರ್ಷ ನಮ್ಮ ಮನೆಯಲ್ಲಿಯೂ ಹೀಗೆಯೇ ಆಗುವುದರಲ್ಲಿತ್ತು.

ದಾವಣಗೆರೆಯ ನಮ್ಮ ಮನೆಯಲ್ಲಿ ನಾವು ಐದು ಜನ: ಎಪ್ಪತ್ತಾರು ವರ್ಷದ ಅವ್ವ, ನಾವು ದಂಪತಿಗಳು, ಹದಿಮೂರರ ಮಗಳು, ಏಳು ವರ್ಷದ ಮಗ. ಮಕ್ಕಳಿಬ್ಬರೂ ಬಿಡದಿಯ ವಂಡರ್‌ಲಾ ಉದ್ಯಾನವನ್ನು ನೋಡಬೇಕೆಂದು ಹಟ ಹಿಡಿದಿದ್ದರು. ಅವ್ವನಿಗೆ ಸಿದ್ಧಗಂಗೆಗೆ ಹೋಗಬೇಕೆಂಬ ಹಂಬಲ. ನಕ್ಷೆಯನ್ನು ಹರಡಿಕೊಂಡು ನೋಡಿದಾಗ ತಿಳಿಯಿತು, ಎರಡೂ ಒಂದೇ ದಾರಿಯಲ್ಲಿವೆ ಎಂದು. ದಾವಣಗೆರೆಯಿಂದ ತುಮಕೂರು ಸುಮಾರು 190 ಕಿಲೋಮೀಟರು. ಅಲ್ಲಿಂದ ಬೆಂಗಳೂರಿನ ಕಡೆಗೆ ಸಾಗಿ, ನಗರದ ಒಳಗೆ ಪ್ರವೇಶಿಸದೆ ನೈಸ್ ರಸ್ತೆಯನ್ನು ಹಿಡಿದರೆ ನೇರವಾಗಿ ಮೈಸೂರು ರಸ್ತೆಗೆ ತಲುಪಬಹುದು. ಮೂರು ದಿನ, ಎರಡು ರಾತ್ರಿ ಎಂದು ನಿಶ್ಚಯಿಸಿದೆವು. ಜನಸಂದಣಿ ಕಡಿಮೆಯಿರಲೆಂದು ವಾರದ ನಡುವಿನ ದಿನಗಳನ್ನು, ಮಳೆ ಬಿಟ್ಟಿರಲೆಂದು ನವೆಂಬರ್ ಕೊನೆಯ ವಾರವನ್ನು ಆರಿಸಿಕೊಂಡೆವು.

ಎಲ್ಲವೂ ಸರಿಹೋಯಿತೆನ್ನುವಷ್ಟರಲ್ಲಿ ಒಂದು ತೊಡಕು ಎದುರಾಯಿತು. ಮಗಳಿಗೆ ಅದರ ಹಿಂದಿನ ವರ್ಷವಷ್ಟೇ ಲಿಂಗದೀಕ್ಷೆಯಾಗಿತ್ತು. ನೀರಿನ ಆಟಗಳಲ್ಲಿ, ತಲೆಕೆಳಗಾಗಿ ತಿರುಗುವ ಯಂತ್ರಗಳಲ್ಲಿ ಕೊರಳ ಕರಡಿಗೆಯ ಗತಿಯೇನು? ಸಡಿಲವಾದ ವಸ್ತುಗಳನ್ನೆಲ್ಲ ತೆಗೆದಿಡಬೇಕೆಂಬುದು ಇಂಥ ಎಲ್ಲ ಉದ್ಯಾನಗಳಲ್ಲಿಯೂ ಇರುವ ನಿಯಮ. ಅದು ನ್ಯಾಯವಾದದ್ದೇ. "ಒಂದು ದಿನದ ಮಟ್ಟಿಗೆ ತೆಗೆದು ಪೆಟ್ಟಿಗೆಯಲ್ಲಿಟ್ಟರಾಯಿತು" ಎಂದು ನಾನು ಹಗುರವಾಗಿ ನುಡಿದುಬಿಟ್ಟೆ.

ಅವ್ವ ಬಿಡಿಸುತ್ತಿದ್ದ ಅವರೆಕಾಯಿಯನ್ನು ಮರದಲ್ಲಿಯೇ ಬಿಟ್ಟು ನನ್ನ ಮುಖ ನೋಡಿದಳು. "ನೀನೂ ಒಂದು ದಿನಕ್ಕೆ ಅಂತಾನೇ ತೆಗೆದಿದ್ದೆ, ತಮ್ಮಾ" ಎಂದಳು.

ನಾನು ನಿರುತ್ತರನಾದೆ. ಕಾಲೇಜಿನ ವಿದ್ಯಾರ್ಥಿನಿಲಯದಲ್ಲಿದ್ದಾಗ ಗೆಳೆಯರೊಡನೆ ಭದ್ರಾ ಕಾಲುವೆಯಲ್ಲಿ ಈಜಲು ಹೋದ ದಿನ ಕರಡಿಗೆಯನ್ನು ತೆಗೆದು ಟ್ರಂಕಿನಲ್ಲಿಟ್ಟಿದ್ದೆ. ಮರುದಿನ ಧರಿಸುವೆನೆಂದುಕೊಂಡದ್ದು ನಾಲ್ಕು ವರ್ಷವಾಯಿತು. ಮತ್ತೆ ಅದು ನನ್ನ ಕೊರಳಿಗೆ ಬಂದದ್ದು ಮದುವೆಯ ದಿನ. ಅವ್ವನಿಗೆ ಈ ಸಂಗತಿ ತಿಳಿದಿಲ್ಲವೆಂದೇ ನಾನು ಇಷ್ಟು ಕಾಲ ನಂಬಿದ್ದೆ. ಅವಳು ಬಲ್ಲವಳಾಗಿದ್ದೂ ಒಂದು ದಿನವೂ ಆ ಮಾತನ್ನು ಎತ್ತಿರಲಿಲ್ಲ.

ಆ ಮೇಲೆ ಅವಳು ಹೇಳಿದ್ದಿಷ್ಟೇ: "ದಿನಾ ಬೆಳಗ್ಗೆ ಲಿಂಗದ ಸಂಗಡವೇ ಜಳಕ ಮಾಡ್ತೀವಿ. ನೀರಿಗೆ ಏನೂ ಆಗೋದಿಲ್ಲ. ಜಾರಿ ಬೀಳದ ಹಾಗೆ ನೋಡಿಕೊಂಡರೆ ಆಯ್ತು." ಹೊರಡುವ ಹಿಂದಿನ ದಿನ ಅವಳು ಹೊಲಿಗೆಯ ಪೆಟ್ಟಿಗೆಯನ್ನು ಮುಂದಿಟ್ಟುಕೊಂಡು ಕುಳಿತದ್ದನ್ನು ಕಂಡೆ. ಏನೆಂದು ಕೇಳುವ ಧೈರ್ಯ ಬರಲಿಲ್ಲ.

ಮಂಗಳವಾರ ನಸುಕಿನಲ್ಲಿ ಹೊರಟು ಬೆಳಗಿನ ಒಂಬತ್ತರ ಸುಮಾರಿಗೆ ಕ್ಯಾತ್ಸಂದ್ರದ ಬಳಿಯ ಸಿದ್ಧಗಂಗಾ ಮಠವನ್ನು ಸೇರಿದೆವು. ದಾಸೋಹಕ್ಕೆಂದು ಅವ್ವ ತಂದಿದ್ದ ಅಕ್ಕಿಯ ಚೀಲವನ್ನು ಒಪ್ಪಿಸಿ, 1907ರಿಂದ 2019ರವರೆಗೆ ನೂರಾಹನ್ನೊಂದು ವರ್ಷ ಬಾಳಿದ ಡಾ. ಶಿವಕುಮಾರ ಸ್ವಾಮಿಗಳವರ ಗದ್ದುಗೆಯ ದರ್ಶನ ಪಡೆದೆವು. ಜಾತಿಮತಗಳ ಎಣಿಕೆಯಿಲ್ಲದೆ ಸಾವಿರಾರು ಬಾಲಕರಿಗೆ ಅನ್ನ, ಆಶ್ರಯ, ಅಕ್ಷರಗಳನ್ನು ನೀಡುತ್ತ ಬಂದಿರುವ ತಾಣವದು. ಪ್ರಸಾದದ ಪಂಕ್ತಿಯಲ್ಲಿ ತನ್ನ ಓರಗೆಯ ಹುಡುಗರು ಶಿಸ್ತಿನಿಂದ ಕುಳಿತುದನ್ನು ಕಂಡ ನನ್ನ ಮಗ, ಮನೆಯಲ್ಲಿ ಎಂದೂ ಮುಟ್ಟದ ಸಾರನ್ನು ಒಂದು ಹನಿಯೂ ಬಿಡದೆ ಉಂಡನು. ನಾವು ಹೇಳಿಕೊಡಲಾಗದ ಪಾಠವನ್ನು ಆ ಪಂಕ್ತಿ ಹೇಳಿಕೊಟ್ಟಿತು.

ಸಂಜೆಗೆ ಬಿಡದಿ. 2000ದಲ್ಲಿ ಕೊಚ್ಚಿಯಲ್ಲಿ ವೀಗಾಲ್ಯಾಂಡ್ ಎಂಬ ಹೆಸರಿನಿಂದ ಉದ್ಯಾನವೊಂದನ್ನು ಆರಂಭಿಸಿದವರೇ 2005ರಲ್ಲಿ ಇಲ್ಲಿ ವಂಡರ್‌ಲಾವನ್ನು ತೆರೆದರು. ಬೆಂಗಳೂರಿನಿಂದ ಸುಮಾರು 28 ಕಿಲೋಮೀಟರು ದೂರದಲ್ಲಿ, 82 ಎಕರೆಗಳಲ್ಲಿ ಇದು ಹರಡಿಕೊಂಡಿದೆ. ಉದ್ಯಾನಕ್ಕೆ ಹೊಂದಿಕೊಂಡಂತೆ 2012ರಲ್ಲಿ ವಸತಿಗೃಹವೂ ಆರಂಭವಾಯಿತು. ಅಲ್ಲಿಯೇ ತಂಗುವುದು ತುಸು ದುಬಾರಿಯೆನಿಸಿದರೂ ವೃದ್ಧರು ಜೊತೆಯಲ್ಲಿದ್ದಾಗ ಅದರ ಪ್ರಯೋಜನ ಬಹಳ. ದಣಿವಾದ ಕೂಡಲೇ ಕೋಣೆಗೆ ಮರಳಬಹುದು. ಸ್ವಂತ ವಾಹನದಲ್ಲಿ ಬರುವವರು ಒಂದನ್ನು ಗಮನಿಸಬೇಕು: 2023ರಲ್ಲಿ ಉದ್ಘಾಟನೆಯಾದ ಮೈಸೂರು ಹೆದ್ದಾರಿಯ ವೇಗದ ಪಥ ಬಿಡದಿ ಪಟ್ಟಣವನ್ನು ಬಳಸಿ ಹೋಗುತ್ತದೆ. ಆದ್ದರಿಂದ ಬದಿಯ ಸೇವಾರಸ್ತೆಯಲ್ಲಿಯೇ ಬರುವುದು ಲೇಸು. ರೈಲಿನಲ್ಲಿ ಬರುವವರಿಗೆ ಬಿಡದಿಯಲ್ಲಿ ನಿಲ್ದಾಣವಿದೆ.

ಬುಧವಾರ ಬೆಳಿಗ್ಗೆ ಅವ್ವ ಐದಕ್ಕೇ ಎದ್ದಳು. ಮನೆಯಿಂದ ತಂದಿದ್ದ ಚಾಪೆಯನ್ನು ಹಾಸಿ, ತಂಬಿಗೆಯಲ್ಲಿ ನೀರು, ವಿಭೂತಿ, ಬಿಲ್ವಪತ್ರೆ, ನಾಲ್ಕು ಹೂವುಗಳನ್ನಿಟ್ಟುಕೊಂಡು ಪೂಜೆಗೆ ಕುಳಿತಳು. ಮಗಳೂ ಪಕ್ಕದಲ್ಲಿ ಕುಳಿತಳು. ದೇವಾಲಯವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲದ ನಮ್ಮ ಧರ್ಮದ ಸೌಲಭ್ಯ ನನಗೆ ಅಂದು ಹೊಸದಾಗಿ ಹೊಳೆಯಿತು. ಅಂಗೈಯೇ ಪೀಠವಾದವರಿಗೆ ಪ್ರವಾಸದ ಕೋಣೆಯೂ ಪೂಜಾಗೃಹವೇ. ಪೂಜೆ ಮುಗಿದ ಮೇಲೆ ಅವ್ವ ತನ್ನ ಚೀಲದಿಂದ ಎರಡು ಪುಟ್ಟ ಬಟ್ಟೆಯ ಸಂಚಿಗಳನ್ನು ತೆಗೆದಳು. ದಪ್ಪ ಬಟ್ಟೆ, ಎರಡೆಳೆಯ ಹೊಲಿಗೆ, ಬಾಯಿಗೆ ಗುಂಡಿ, ಎದೆಗೆ ಸುತ್ತಿ ಕಟ್ಟಲು ಅಗಲವಾದ ಪಟ್ಟಿ. ಒಂದನ್ನು ಮಗಳಿಗೆ ಕೊಟ್ಟಳು, ಇನ್ನೊಂದನ್ನು ನನ್ನ ಕೈಗಿತ್ತಳು. ಮಾತೇನೂ ಆಡಲಿಲ್ಲ.

ಹನ್ನೊಂದು ಗಂಟೆಗೆ ಉದ್ಯಾನವನ್ನು ಪ್ರವೇಶಿಸಿದೆವು. ಇಲ್ಲಿ ಮಕ್ಕಳ ಟಿಕೇಟನ್ನು ವಯಸ್ಸಿನಿಂದಲ್ಲ, ಎತ್ತರದಿಂದ ನಿರ್ಧರಿಸುತ್ತಾರೆ. ವೇಗದ ಆಟಗಳಲ್ಲಿ ಹಲವಕ್ಕೆ 140 ಸೆಂಟಿಮೀಟರು ಎತ್ತರವಿರಬೇಕು. ಮನೆಯಲ್ಲಿಯೇ ಗೋಡೆಗೆ ನಿಲ್ಲಿಸಿ ಅಳೆದು, ಸಿಗುವುದಾವುದು, ಸಿಗದುದಾವುದು ಎಂದು ಮೊದಲೇ ತಿಳಿಸಿದ್ದರಿಂದ ನನ್ನ ಮಗ ಅಲ್ಲಿ ಅಳಲಿಲ್ಲ. ನೀರಿನ ಆಟಗಳಿಗೆ ಹತ್ತಿಯ ಉಡುಪು ಸಲ್ಲದು, ನೈಲಾನ್ ಮೊದಲಾದವುಗಳೇ ಬೇಕು. ಹೊರಗಿನ ಆಹಾರವನ್ನೂ ಒಳಗೆ ಬಿಡುವುದಿಲ್ಲ. ಅಲ್ಲಿ ಸಸ್ಯಾಹಾರ ದೊರೆಯುತ್ತದೆ, ಮಾಂಸಾಹಾರವೂ ಇರುತ್ತದೆ. ಹೀಗಾಗಿ ಅವ್ವ ಬೆಳಿಗ್ಗೆಯೇ ಕೋಣೆಯಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನು ಉಂಡಿದ್ದಳು. ಮಧ್ಯಾಹ್ನ ಹಣ್ಣಿನ ರಸದಲ್ಲಿ ಮುಗಿಸಿದಳು.

ಅಲೆಗಳ ಕೊಳದಲ್ಲಿ ನಾನೂ ಮಗಳೂ ಮನಸಾರೆ ಮಿಂದೆವು. ಅಲೆ ಎತ್ತಿ ಹಾಕಿದಾಗಲೆಲ್ಲ ನನ್ನ ಕೈ ತಾನಾಗಿಯೇ ಎದೆಯನ್ನು ಮುಟ್ಟುತ್ತಿತ್ತು. ಸಂಚಿ ಕದಲಿರಲಿಲ್ಲ. ಆದರೆ ತಲೆಕೆಳಗಾಗಿಸುವ ಯಂತ್ರದ ಸರದಿಯಲ್ಲಿ ಅರ್ಧ ಗಂಟೆ ನಿಂತ ಮೇಲೆ, ಮೆಟ್ಟಿಲ ಬುಡದಲ್ಲಿ ಮಗಳು ತಡೆದಳು. ಏನನ್ನೂ ಮೈಮೇಲೆ ಇಟ್ಟುಕೊಳ್ಳಬಾರದೆಂಬ ಫಲಕವನ್ನು ಓದಿದಳು. ನನ್ನತ್ತ ನೋಡಿದಳು. ನಾನು ಹೌದೆಂದೂ ಅಲ್ಲವೆಂದೂ ಹೇಳಲಿಲ್ಲ. ಆ ಹೊತ್ತಿನಲ್ಲಿ ಹೇಳುವ ಯೋಗ್ಯತೆ ನನಗಿದೆಯೆಂದು ಅನಿಸಲಿಲ್ಲ. ಅವಳು ಸರದಿಯಿಂದ ಹೊರಬಂದು, ತಮ್ಮನ ಕೈಹಿಡಿದು ಚಿಕ್ಕವರ ಆಟಗಳ ಕಡೆಗೆ ನಡೆದಳು.

ರಾತ್ರಿ ಅವ್ವ ಕೇಳಿದಳು: "ಬೇಜಾರಾಯ್ತೇನವ್ವ?"

"ಸ್ವಲ್ಪ ಆಯ್ತು, ಅಜ್ಜಿ" ಎಂದಳು ಮಗಳು.

"ಆಗಬೇಕಾದ್ದೇ. ನನಗೂ ನಿನ್ನ ವಯಸ್ಸಿನಾಗೆ ಜಾತ್ರೆ ತೊಟ್ಟಿಲಿಗೆ ಬಿಟ್ಟಿರಲಿಲ್ಲ" ಎಂದು ಅವ್ವ ನಕ್ಕಳು. ವ್ರತದ ಹಿರಿಮೆಯನ್ನು ಕುರಿತು ಅವಳು ಒಂದು ಮಾತೂ ಉಪದೇಶಿಸಲಿಲ್ಲ. ಅಂದು ಸಂಜೆ ಮೊಮ್ಮಕ್ಕಳಿಬ್ಬರ ನಡುವೆ, ಮಕ್ಕಳಿಗಾಗಿಯೇ ಇರುವ ನಿಧಾನವಾದ ಆಟವೊಂದರಲ್ಲಿ ಸೆರಗನ್ನು ಬಿಗಿಹಿಡಿದು ಕುಳಿತು ಅವಳು ಎರಡು ಸುತ್ತು ತಿರುಗಿದ್ದಳೆಂಬುದನ್ನು ಮಾತ್ರ ಇಲ್ಲಿ ಹೇಳಬೇಕು.

ಗುರುವಾರ ಮರಳುವ ಮುನ್ನ ರಾಮನಗರದ ಜಾನಪದ ಲೋಕಕ್ಕೆ ಹೋದೆವು. ಎಚ್. ಎಲ್. ನಾಗೇಗೌಡರು ಹಳ್ಳಿಹಳ್ಳಿಗಳಿಂದ ಕೂಡಿಹಾಕಿ ಕಟ್ಟಿದ ಸಂಗ್ರಹವದು. ಹಿಂದಿನ ದಿನ ಮೊಮ್ಮಕ್ಕಳ ಹಿಂದೆ ನಡೆದಿದ್ದ ಅವ್ವ ಅಲ್ಲಿ ಎಲ್ಲರಿಗಿಂತ ಮುಂದಾದಳು. ಬೀಸುವ ಕಲ್ಲು, ಒನಕೆ, ಅಳತೆಯ ಸೇರು, ಹಗೇವು ಇವುಗಳ ಬಳಕೆಯನ್ನು ಒಂದೊಂದಾಗಿ ವಿವರಿಸಿದಳು. ಮಕ್ಕಳು ಕೇಳಿಸಿಕೊಂಡರು. ಎರಡು ತಲೆಮಾರುಗಳು ಒಂದು ಪ್ರವಾಸದಲ್ಲಿ ಸರದಿಯಂತೆ ಗುರುಗಳೂ ಶಿಷ್ಯರೂ ಆಗಬಹುದೆಂಬುದನ್ನು ಅಲ್ಲಿ ಕಂಡೆ.

ಹೀಗೆ ಹೊರಡಬಯಸುವ ಕುಟುಂಬಗಳಿಗೆ ಎರಡು ಮಾತು. ಟಿಕೇಟು, ಕೋಣೆಗಳನ್ನು ಮುಂಚಿತವಾಗಿಯೇ ಕಾಯ್ದಿರಿಸಿರಿ. ದಿನದಿಂದ ದಿನಕ್ಕೆ ದರದಲ್ಲಿ ವ್ಯತ್ಯಾಸವಿರುತ್ತದೆ, ಹಿರಿಯರಿಗೆ ರಿಯಾಯಿತಿಯಿದೆಯೇ ಎಂದೂ ವಿಚಾರಿಸಿರಿ. ಹೃದ್ರೋಗ, ರಕ್ತದೊತ್ತಡವುಳ್ಳವರು ವೇಗದ ಆಟಗಳಿಂದ ದೂರವಿರುವುದು ಒಳ್ಳೆಯದು. ಎಲ್ಲಕ್ಕಿಂತ ಮಿಗಿಲಾಗಿ, ಮನೆಯ ಹಿರಿಯರನ್ನು ಬಿಟ್ಟು ಹೊರಡಬೇಡಿರಿ. ಅವರ ನಡಿಗೆ ನಿಧಾನ, ಖರ್ಚು ತುಸು ಹೆಚ್ಚು. ಆದರೆ ನಾವು ಮರೆತು ಬಂದ ವಸ್ತು ಅನೇಕ ಸಲ ಅವರ ಚೀಲದಲ್ಲಿಯೇ ಇರುತ್ತದೆ.

ಆ ಸಂಚಿಯನ್ನು ಮಗಳು ಈಗ ಶಾಲೆಯ ಕ್ರೀಡಾದಿನಗಳಲ್ಲಿ ಕಟ್ಟಿಕೊಳ್ಳುತ್ತಾಳೆ. ಇನ್ನೊಂದು ನನ್ನ ಪೂಜೆಯ ತಟ್ಟೆಯ ಪಕ್ಕದಲ್ಲಿದೆ.