ಅಜ್ಜಯ್ಯನ ಕಾರಿಗೆ ಎಣ್ಣೆ

ಎಣ್ಣೆಯ ವಿಷಯ ಬರೆಯುತ್ತೇನೆಂದು ಹೇಳಿದೊಡನೆ ಹಿಂದಿನ ಬೆಂಚಿನ ಮಿತ್ರರು ಒಬ್ಬರ ಮುಖವನ್ನೊಬ್ಬರು ನೋಡಿ ನಕ್ಕರು. ಅವರು ತಿಳಿದ ಎಣ್ಣೆ ಬೇರೆ, ನಾನು ಹೇಳಹೊರಟ ಎಣ್ಣೆ ಬೇರೆ. ಇದು ಕಾರಿನ ಎಂಜಿನ್ನಿಗೆ ಹಾಕುವ ಎಣ್ಣೆ. ಸಂಪಾದಕ ಸಮಿತಿಯ ಉಪನ್ಯಾಸಕರು ಮಾತ್ರ ನಗಲಿಲ್ಲ. "ಅರ್ಥಶಾಸ್ತ್ರದ ವಿದ್ಯಾರ್ಥಿ ಎಣ್ಣೆಯ ಬೆಲೆಯ ಮೇಲೆ ಬರೆಯಬಹುದು. ಎಣ್ಣೆಯ ಮೇಲೆ ಏನು ಬರೆಯುತ್ತೀಯಪ್ಪಾ?" ಎಂದರು. ಅದರ ಬೆಲೆಯನ್ನು ನಾನು ತೆತ್ತಿದ್ದೇನೆ. ಆದ್ದರಿಂದ ಬರೆಯುವ ಅಧಿಕಾರವೂ ಇದೆಯೆಂದು ಭಾವಿಸಿದ್ದೇನೆ.

ನಮ್ಮ ಮನೆಯಲ್ಲಿ ಒಂದು ಅಂಬಾಸಡರ್ ಕಾರಿದೆ. 1984ರ ಮಾರ್ಕ್ 4 ಮಾದರಿ, ಪೆಟ್ರೋಲ್ ಎಂಜಿನು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲೇ ಕಲ್ಕತ್ತೆಯ ಸಮೀಪದ ಉತ್ತರಪಾರಾದಲ್ಲಿ 1950ರ ದಶಕದ ಕೊನೆಯಿಂದ ತಯಾರಾಗುತ್ತಿದ್ದ ಈ ಕಾರು 2014ರಲ್ಲಿ ನಿಂತೇಹೋಯಿತು. ನಮ್ಮದು ಮಾತ್ರ ಇನ್ನೂ ನಿಂತಿಲ್ಲ. ಚಿಕ್ಕಮಗಳೂರಿನ ಸ್ಟ್ಯಾಂಡಿನಲ್ಲಿ ಅಜ್ಜಯ್ಯ ಅದನ್ನು ಇಪ್ಪತ್ತು ವರ್ಷ ಬಾಡಿಗೆಗೆ ಓಡಿಸಿದರು. ಅದರಲ್ಲಿ ಮದುಮಕ್ಕಳು ಕುಳಿತಿದ್ದಾರೆ, ಬಾಣಂತಿಯರು ಕುಳಿತಿದ್ದಾರೆ, ತೋಟದ ರೈಟರುಗಳು ವಾರದ ಬಟವಾಡೆಯ ಹಣವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಾರೆ. ನಮ್ಮ ತಂದೆಯವರ ಓದು, ಅತ್ತೆಯ ಮದುವೆ, ಈಗ ನಾವಿರುವ ಮನೆ, ಇವೆಲ್ಲ ಆ ಕಾರಿನ ಡಿಕ್ಕಿಯಿಂದ ಇಳಿದ ಸಾಮಾನುಗಳೆಂದರೆ ತಪ್ಪಾಗದು.

ಅಜ್ಜಯ್ಯನಿಗೆ ಈಗ ಎಂಬತ್ತೆರಡು. ಮನುಷ್ಯರ ಮಾತು ಅವರಿಗೆ ಅಷ್ಟಾಗಿ ಕೇಳಿಸುವುದಿಲ್ಲ. ಊಟಕ್ಕೆ ಬನ್ನಿ ಎಂದು ಮೂರು ಸಲ ಕೂಗಬೇಕು. ಆದರೆ ಬೀದಿಯಲ್ಲಿ ಹೋಗುವ ಜೀಪಿನ ಫ್ಯಾನ್ ಬೆಲ್ಟು ಸಡಿಲವಾಗಿದ್ದರೆ ಕೈತುತ್ತನ್ನು ಹಾಗೆಯೇ ಹಿಡಿದು ತಲೆಯೆತ್ತುತ್ತಾರೆ. ಇದು ಯಾವ ಬಗೆಯ ಕಿವುಡೋ ವೈದ್ಯರಿಗೂ ತಿಳಿದಿಲ್ಲ.

ಕಳೆದ ಜನವರಿಯಲ್ಲಿ ಅವರಿಗೆ ತಮ್ಮ ಕಾರಿನಲ್ಲೇ ಒಮ್ಮೆ ಧರ್ಮಸ್ಥಳಕ್ಕೆ ಹೋಗಿಬರಬೇಕೆಂಬ ಮನಸ್ಸಾಯಿತು. ಕಾರು ಓಡಿಸಲು ನಾನಿದ್ದೆ. ಹೊರಡುವ ಹಿಂದಿನ ವಾರ ಅವರು ಮೂಡಿಗೆರೆಯಲ್ಲಿ ಅತ್ತೆಯ ಮನೆಯಲ್ಲಿದ್ದರು. ಅವರು ಬರುವಷ್ಟರಲ್ಲಿ ಕಾರನ್ನು ಸಿದ್ಧಮಾಡಿ ಸೈ ಎನಿಸಿಕೊಳ್ಳಬೇಕೆಂದು ನಾನು ಎಂಜಿನ್ ಎಣ್ಣೆ ಬದಲಾಯಿಸಲು ಕೈಹಾಕಿದೆ.

ಆ ಕೆಲಸವನ್ನು ಎಂದಿನಿಂದಲೂ ಮಾಡುತ್ತಿದ್ದವರು ಗ್ಯಾರೇಜಿನ ಸಾಬರು. ಅವರು ಹಾಕುತ್ತಿದ್ದುದು 20ಡಬ್ಲ್ಯು-50 ಎಂಬ ಮಂದ ಎಣ್ಣೆ. ಅದು ಹಳೆಯ ಕಾಲದ್ದು, ಅಗ್ಗದ್ದು ಎಂದು ನನಗೆ ತಾತ್ಸಾರ. ಅಂಗಡಿಯಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳ, ಪೂರ್ತಿ ಸಿಂಥೆಟಿಕ್ ಆದ, 5ಡಬ್ಲ್ಯು-30 ಎಂಬ ತೆಳು ಎಣ್ಣೆಯನ್ನು ನನ್ನ ವಿದ್ಯಾರ್ಥಿವೇತನದ ಹಣದಿಂದ ಕೊಂಡೆ. ಇಷ್ಟು ದುಡಿದ ಕಾರಿಗೆ ಒಮ್ಮೆಯಾದರೂ ಒಳ್ಳೆಯದನ್ನು ಹಾಕೋಣ ಎಂಬ ಪ್ರೀತಿಯೂ ಅದರಲ್ಲಿತ್ತು. ಸಾಬರಿಗಿಂತ ನಾನು ಹೆಚ್ಚು ಓದಿದವನು ಎಂಬ ಜಂಬವೂ ಇತ್ತು. ಯಾವುದು ಎಷ್ಟಿತ್ತೆಂದು ಈಗ ತೂಗಿ ಹೇಳಲಾರೆ. ಅಂಗಳದಲ್ಲಿ ಕಾರಿನಡಿ ಮಲಗಿ ಡ್ರೈನ್ ಬೋಲ್ಟು ಬಿಚ್ಚಿ, ಹಳೆಯದನ್ನು ಬೋಗುಣಿಗೆ ಇಳಿಸಿ, ಹೊಸದನ್ನು ತುಂಬಿದೆ. ಜೇನಿನ ಬಣ್ಣ, ಹರಿವು ಮಾತ್ರ ನೀರಿನದು. ಎಂಜಿನು ಒಂದೇ ಸಲಕ್ಕೆ ಹೊತ್ತಿಕೊಂಡು ಹಿಂದೆಂದೂ ಇಲ್ಲದಷ್ಟು ಹಗುರವಾಗಿ ಓಡಿತು. ನಾನು ಬೀಗಿದೆ.

ಹೋಗುವಾಗ ಎಲ್ಲವೂ ಸರಿಯಿತ್ತು. ಮುಂಜಾನೆಯ ತಂಪು, ಕೊಟ್ಟಿಗೆಹಾರದ ನೀರುದೋಸೆ, ಆಮೇಲೆ ಚಾರ್ಮಾಡಿ ಘಾಟಿಯ ಇಳಿಜಾರು. ಇಳಿಜಾರಿನಲ್ಲಿ ಎಂಜಿನ್ನಿಗೆ ಏನು ಕಷ್ಟ? ದರ್ಶನ, ಪ್ರಸಾದ, ಊಟ ಮುಗಿಸಿ ನಡುಮಧ್ಯಾಹ್ನದ ಬಿಸಿಲಿನಲ್ಲಿ ಹಿಂದಿರುಗಿದೆವು. ಮುಂದೆ ಅಜ್ಜಯ್ಯ, ಹಿಂದೆ ತಂದೆ ತಾಯಿ. ಉಜಿರೆ ದಾಟಿ ಘಾಟಿ ಹತ್ತತೊಡಗಿದಾಗ ಎರಡನೆಯ ಗೇರಿನಿಂದ ಮೇಲೆ ಹೋಗುವಂತಿರಲಿಲ್ಲ. ಹಿಂದಿನಿಂದ ನೀಲಿ ಹೊಗೆ ಬರುತ್ತಿದ್ದುದನ್ನು ಕನ್ನಡಿಯಲ್ಲಿ ಕಂಡೆ. ಏನೋ ಒಂದು ಕುಟ್ಟುವ ದನಿಯೂ ಕೇಳಿದಂತಾಯಿತು. ನಾನು ಕೇಳದಂತೆ ಓಡಿಸಿದೆ.

ಅಜ್ಜಯ್ಯ ಕೈಯೆತ್ತಿದರು. "ನಿಲ್ಸು."

ತಿರುವಿನ ಅಂಚಿಗೆ ಕಾರು ನಿಂತಿತು. ಅವರು ಬಾನೆಟ್ಟಿನ ಹತ್ತಿರ ಕಿವಿಯಿಟ್ಟು ನಿಂತು, ಎಂಜಿನು ಆರಿಸಲು ಸನ್ನೆಮಾಡಿದರು. "ಟ್ಯಾಪೆಟ್ ಇರಬಹುದೇ ಅಜ್ಜಯ್ಯಾ?" ಎಂದೆ. "ಟ್ಯಾಪೆಟ್ ಆಗಿದ್ರೆ ಬೆಳಿಗ್ಗೆ ಹೊರಡೋವಾಗ್ಲೇ ಮಾತಾಡ್ತಿತ್ತು. ಇದು ಬಿಸಿಯಾದ ಮೇಲೆ ಬಂದ ದನಿ, ತಳದಿಂದ ಬರ್ತಿದೆ" ಎಂದವರು ಡಿಪ್‌ಸ್ಟಿಕ್ಕು ಎಳೆದು, ಎಣ್ಣೆಯ ಒಂದು ತೊಟ್ಟನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಉಜ್ಜಿದರು. ಬೆರಳುಗಳನ್ನು ಅಗಲಿಸಿದರೆ ಎಳೆ ಬರಲಿಲ್ಲ. ನನ್ನ ಮುಖ ನೋಡಿದರು. ಏನೂ ಕೇಳಲಿಲ್ಲ.

ಹಿಂದಿನಿಂದ ತಂದೆಯವರು ಇಳಿದು ಬಂದು "ಏನಾಯ್ತು?" ಎಂದರು.

"ಏನಿಲ್ಲ, ಗಾಡಿ ಬಿಸಿಯಾಗಿದೆ" ಎಂದು ಅಜ್ಜಯ್ಯ ಬೆರಳನ್ನು ಪಂಚೆಗೆ ಒರಸಿಕೊಂಡರು.

ಒಂದು ಗಂಟೆ ಕಾದೆವು. ಆಮೇಲೆ ಎರಡು ಮೂರು ಕಿಲೋಮೀಟರಿಗೊಮ್ಮೆ ನಿಂತು, ಎಂಜಿನ್ನು ಆರಿಸಿ, ಮತ್ತೆ ಹತ್ತಿ, ಹೀಗೆ ಅಣ್ಣಪ್ಪ ಸ್ವಾಮಿಯ ಗುಡಿ ದಾಟಿ ಕೊಟ್ಟಿಗೆಹಾರ ಸೇರುವಾಗ ಕತ್ತಲಾಗಿತ್ತು. ಅಲ್ಲಿನ ಜೀಪಿನವರೊಬ್ಬರು ಮಂದ ಎಣ್ಣೆಯ ಡಬ್ಬಿ ಕೊಟ್ಟರು. ನನ್ನ ಎಣ್ಣೆಯಿಂದ ಸ್ವಲ್ಪ ಇಳಿಸಿ, ಅದನ್ನು ತುಂಬಿ, ನಿಧಾನವಾಗಿ ಊರು ಸೇರಿದೆವು. ಹಿಂದಿನ ಸೀಟಿನಲ್ಲಿ ತಂದೆಯವರು ದಾರಿಯುದ್ದಕ್ಕೂ ಒಂದೇ ಮಾತು ಹೇಳಿದರು: "ಇದರ ಕಾಲ ಮುಗೀತು."

ಮರುದಿನ ಸಾಬರು ಬಂದು, ಎಂಜಿನ್ನನ್ನು ಬಿಸಿಮಾಡಿ, ತಮ್ಮ ಒತ್ತಡದ ಗೇಜು ಕಟ್ಟಿ ನೋಡಿದರು. ಐವತ್ತರ ಹತ್ತಿರ ಇರಬೇಕಾದ ಮುಳ್ಳು ಇಪ್ಪತ್ತೈದನ್ನು ದಾಟಲಿಲ್ಲ. ನಿಂತಲ್ಲೇ ಓಡುವಾಗ ಹತ್ತರ ಕೆಳಗೆ ನಡುಗುತ್ತಿತ್ತು. ನಾನು ಖಾಲಿ ಡಬ್ಬಿ ತಂದು ತೋರಿಸಿದೆ. ಸಾಬರು ಅದನ್ನು ತಿರುವಿ ತಿರುವಿ ನೋಡಿ, "ಒಳ್ಳೇ ಎಣ್ಣೆ ತಮ್ಮಾ, ಭಾಳ ಒಳ್ಳೇದು. ಆದರೆ ಎತ್ತಿನಗಾಡಿ ಅಚ್ಚಿಗೆ ಯಾರಾದ್ರೂ ಕೊಬ್ಬರಿ ಎಣ್ಣೆ ಹಾಕ್ತಾರಾ? ಕೀಲೆಣ್ಣೆ ಹಾಕ್ತಾರೆ" ಎಂದರು.

ಆ ಮಾತಿನ ಹಿಂದಿನ ಲೆಕ್ಕವನ್ನು ನಾನು ಆಮೇಲೆ ಓದಿ ತಿಳಿದುಕೊಂಡೆ. ಮೊದಲೇ ಓದಬಹುದಾಗಿತ್ತು. ಡಬ್ಬಿಯ ಮೇಲಿನ ಡಬ್ಲ್ಯು ಎಂಬುದು ಚಳಿಗಾಲದ ಗುರುತು. ಅದರ ಹಿಂದಿನ ಅಂಕಿ ಚಳಿಯಲ್ಲಿ ಎಣ್ಣೆ ಎಷ್ಟು ಸಲೀಸಾಗಿ ಹರಿಯುತ್ತದೆಂಬುದನ್ನು ಹೇಳುತ್ತದೆ. ಮುಂದಿನ ಅಂಕಿ ಬಿಸಿಯಲ್ಲಿ, ಅಂದರೆ 100 ಡಿಗ್ರಿ ಸೆಂಟಿಗ್ರೇಡಿನಲ್ಲಿ, ಎಷ್ಟು ಮಂದವಾಗಿ ಉಳಿಯುತ್ತದೆಂಬುದನ್ನು. 5ಡಬ್ಲ್ಯು ಎಣ್ಣೆಯನ್ನು ಸೊನ್ನೆಗಿಂತ 30 ಡಿಗ್ರಿ ಕೆಳಗೆ, 20ಡಬ್ಲ್ಯು ಎಣ್ಣೆಯನ್ನು 15 ಡಿಗ್ರಿ ಕೆಳಗೆ ಪರೀಕ್ಷಿಸುತ್ತಾರೆ. ಮಾಗಿಯಲ್ಲಿ ಶಾಲು ಹೊದ್ದರೆ ಸಾಕಾಗುವ ನಮ್ಮೂರಿನಲ್ಲಿ ಆ ಮೊದಲ ಅಂಕಿಗಾಗಿ ಹಣ ತೆತ್ತವನು ನಾನು. ನಮಗೆ ಬೇಕಾದುದು ಎರಡನೆಯದು. ಸ್ನಿಗ್ಧತೆಯನ್ನು ಅಳೆಯುವ ಸೆಂಟಿಸ್ಟೋಕ್ಸ್ ಎಂಬ ಮಾನದಲ್ಲಿ 30ರ ದರ್ಜೆ 9.3ರಿಂದ 12.5ರೊಳಗೆ, 50ರ ದರ್ಜೆ 16.3ರಿಂದ 21.9ರೊಳಗೆ ಇರಬೇಕು. ಎಂದರೆ ಬಿಸಿಯಲ್ಲಿ ನನ್ನ ಎಣ್ಣೆಯ ಮಂದತನ ಸಾಬರ ಎಣ್ಣೆಯದಕ್ಕಿಂತ ಐದನೆಯ ಒಂದು ಭಾಗದಷ್ಟಾದರೂ ಕಡಿಮೆ.

ಹೊಸ ಕಾರಿಗೆ ಅದು ದೋಷವಲ್ಲ, ಗುಣ. ಅಲ್ಲಿ ಬೇರಿಂಗಿಗೂ ಕ್ರ್ಯಾಂಕಿಗೂ ನಡುವಿನ ಸಂದು ಅಷ್ಟು ಬಿಗಿ. ತೆಳು ಎಣ್ಣೆಯೇ ಅಲ್ಲಿ ಚೆನ್ನಾಗಿ ಓಡಾಡುತ್ತದೆ, ಪೆಟ್ರೋಲೂ ಉಳಿಯುತ್ತದೆ. ನಮ್ಮ ಕಾರಿನಲ್ಲಿ ನಾಲ್ಕು ದಶಕಗಳ ಸವೆತದಿಂದ ಸಂದುಗಳು ಅಗಲವಾಗಿವೆ. ಪಂಪು ಎಷ್ಟು ತಳ್ಳಿದರೂ ತೆಳು ಎಣ್ಣೆ ಅಂಚಿನಿಂದ ಸೋರಿಹೋಗುತ್ತದೆ, ಒತ್ತಡ ನಿಲ್ಲುವುದಿಲ್ಲ, ಕಬ್ಬಿಣಕ್ಕೂ ಕಬ್ಬಿಣಕ್ಕೂ ನಡುವಿನ ಪೊರೆ ಹರಿಯುತ್ತದೆ. ನಾವು ಘಾಟಿಯಲ್ಲಿ ಕೇಳಿದ್ದು ಆ ಪೊರೆ ಹರಿದ ದನಿ. ಸವೆದ ಉಂಗುರಗಳ ಪಕ್ಕದಿಂದ ಮೇಲೇರಿ ಸುಟ್ಟ ಎಣ್ಣೆಯೇ ನೀಲಿ ಹೊಗೆ.

ಇನ್ನೊಂದು ಸಂಗತಿಯಿದೆ, ಅದು ಕಣ್ಣಿಗೂ ಕಾಣದು, ಕಿವಿಗೂ ಕೇಳದು. ಈ ಹಳೆಯ ಎಂಜಿನ್ನುಗಳಲ್ಲಿ ಚಪ್ಪಟೆ ತಳದ ಟ್ಯಾಪೆಟ್ಟುಗಳು ಕ್ಯಾಮಿನ ಉಬ್ಬುಗಳ ಮೇಲೆ ಉಜ್ಜಿಕೊಂಡೇ ಚಲಿಸುತ್ತವೆ. ಅಲ್ಲಿ ಎಣ್ಣೆಯ ಪೊರೆ ಹಿಂಡಿಹೋದಾಗ ಲೋಹವನ್ನು ಕಾಯುವುದು ಎಣ್ಣೆಯಲ್ಲಿ ಬೆರೆಸಿದ ಸತುವು ಮತ್ತು ರಂಜಕದ ಒಂದು ಸಂಯುಕ್ತ. ಆದರೆ ಸುಟ್ಟ ಎಣ್ಣೆಯ ರಂಜಕ ಹೊಸ ಕಾರುಗಳ ಹೊಗೆಕೊಳವೆಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರನ್ನು ಕೆಡಿಸುತ್ತದೆ. ಆದ್ದರಿಂದ 2004ರಲ್ಲಿ ಬಂದ ದರ್ಜೆಗಳಿಂದೀಚೆಗೆ 30ರಂಥ ತೆಳು ಎಣ್ಣೆಗಳಲ್ಲಿ ರಂಜಕವನ್ನು ನೂರಕ್ಕೆ 0.08 ಭಾಗಕ್ಕೆ ಮಿತಿಗೊಳಿಸಿದರು. ನಮ್ಮ ದೇಶದ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಆ ಕನ್ವರ್ಟರು ಕಡ್ಡಾಯವಾದದ್ದು 1995ರಲ್ಲಿ. ನಮ್ಮದು 1984ರ ಕಾರು, ಅದಕ್ಕೆ ಅಂಥ ಅಂಗವೇ ಇಲ್ಲ. ಇಲ್ಲದ ಅಂಗವನ್ನು ಕಾಯುವ ಎಣ್ಣೆ ಹಾಕಿ, ಇರುವ ಅಂಗವನ್ನು ನಾನು ಬಯಲಿಗೆ ಬಿಟ್ಟಿದ್ದೆ.

ಸಿಂಥೆಟಿಕ್ ಎಂಬುದನ್ನೇ ದೂರುವುದು ಸರಿಯಲ್ಲ. 50ರ ದರ್ಜೆಯ ಸಿಂಥೆಟಿಕ್ ಎಣ್ಣೆ ಹಾಕಿದ್ದರೆ ನನ್ನ ಹಣ ಹೋಗುತ್ತಿತ್ತೇ ಹೊರತು ಬಹುಶಃ ಬೇರಾವ ಕೇಡೂ ಆಗುತ್ತಿರಲಿಲ್ಲ. ಆದರೂ ಸೋರಿ, ಸುಟ್ಟು ಅರ್ಧ ಎಣ್ಣೆ ಹೋಗುವ ಎಂಜಿನ್ನಿಗೆ ಬೆಲೆಯುಳ್ಳದ್ದನ್ನು ಹಾಕಿ ಬಹುಕಾಲ ಬಿಡುವುದಕ್ಕಿಂತ, ಸಾಧಾರಣದ್ದನ್ನು ಹಾಕಿ ಮೂರು ಸಾವಿರ ಕಿಲೋಮೀಟರಿಗೋ ಆರು ತಿಂಗಳಿಗೋ ಬದಲಾಯಿಸುವ ಸಾಬರ ಪದ್ಧತಿಯೇ ನನಗೆ ಮೇಲೆನಿಸುತ್ತದೆ.

ಸಾಬರು ನನ್ನ ಎಣ್ಣೆಯನ್ನು ಪೂರ್ತಿ ಇಳಿಸಿದರು. ಅದರ ತಳದಲ್ಲಿ ಮಿನುಗುವ ಲೋಹದ ಪುಡಿ ಇದೆಯೇ ಎಂದು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆ ಹೊತ್ತಿನಲ್ಲಿ ನಾನು ಪರೀಕ್ಷೆಯ ಫಲಿತಾಂಶಕ್ಕೂ ಅಷ್ಟು ಕಾದವನಲ್ಲ. ಪುಡಿ ಇರಲಿಲ್ಲ. ಫಿಲ್ಟರು ಬದಲಾಯಿಸಿ, ನಾಲ್ಕು ಲೀಟರಿನಷ್ಟು ಹಳೆಯ 20ಡಬ್ಲ್ಯು-50 ತುಂಬಿ, ಎಂಜಿನ್ನನ್ನು ಮತ್ತೆ ಬಿಸಿಮಾಡಿದರು. ಗೇಜಿನ ಮುಳ್ಳು ನಲವತ್ತನ್ನು ದಾಟಿ ನಿಂತಿತು. ಜಗುಲಿಯಲ್ಲಿ ಕುಳಿತಿದ್ದ ಅಜ್ಜಯ್ಯ ಮುಳ್ಳನ್ನು ನೋಡಲಿಲ್ಲ. ದನಿ ಕೇಳಿ ಎಲೆಯಡಿಕೆ ಬಾಯಿಗಿಟ್ಟುಕೊಂಡರು.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಆ ರಾತ್ರಿಯ ಪ್ರಯಾಣದಿಂದ ಬೇಸತ್ತ ತಂದೆಯವರು, ಮದುವೆಗಳಿಗೆ ಹಳೆಯ ಕಾರುಗಳನ್ನು ಬಾಡಿಗೆಗೆ ಬಿಡುವ ಬೆಂಗಳೂರಿನವರೊಬ್ಬರಿಗೆ ಮಾತು ಕೊಡಲು ಮನಸ್ಸುಮಾಡಿದ್ದಾರೆ. ಅವರು ಪರೀಕ್ಷೆ ಮುಗಿದ ಮೇಲೆ ಬಂದು ನೋಡುತ್ತಾರಂತೆ. ಅಜ್ಜಯ್ಯನಿಗೆ ವಿಷಯ ತಿಳಿದಿದೆ. ಒಂದು ಮಾತು ಹೇಳಿದ್ದರೆ ಸಾಕಿತ್ತು: ಗಾಡಿಯದೇನೂ ತಪ್ಪಿಲ್ಲ, ಹುಡುಗ ಎಣ್ಣೆ ತಪ್ಪು ಹಾಕಿದ್ದ ಎಂದು. ಅವರು ಹೇಳಿಲ್ಲ. ಸಾಬರೂ ಹೇಳಿಲ್ಲ. ನಾನು ಹೇಳಬೇಕೆಂದು ಎರಡು ಸಲ ತಂದೆಯವರ ಕೋಣೆಯ ಬಾಗಿಲವರೆಗೆ ಹೋಗಿ, ಒಮ್ಮೆ ಪೆನ್ನು ಕೇಳಿಕೊಂಡು ಬಂದೆ, ಇನ್ನೊಮ್ಮೆ ಗಂಟೆ ಕೇಳಿಕೊಂಡು ಬಂದೆ.

ನಮ್ಮ ತಂದೆಯವರು ಈ ಕಾಲೇಜಿನ ಹಳೆಯ ವಿದ್ಯಾರ್ಥಿಗಳು. ವಾರ್ಷಿಕ ಸಂಚಿಕೆ ಮನೆಗೆ ಬಂದರೆ ಮೊದಲ ಪುಟದಿಂದ ಕೊನೆಯ ಛಾಯಾಚಿತ್ರದವರೆಗೆ ಓದುತ್ತಾರೆ. ಸಂಪಾದಕ ಮಿತ್ರರು ಸಂಚಿಕೆಯನ್ನು ಪರೀಕ್ಷೆಗೆ ಮುಂಚೆಯೇ ಹೊರತರುವುದಾಗಿ ಹೇಳಿದ್ದಾರೆ. ದಯವಿಟ್ಟು ತಡಮಾಡಬಾರದೆಂದು ಅವರಲ್ಲಿ ನನ್ನ ಬಿನ್ನಹ.